ಕಳೆಯುವ ಚಿಹ್ನೆ ಎಲ್ಲಿದೆ, ಮೊದಲು ಅದನ್ನು ನೋಡಿ

ಒಂಬತ್ತನೇ ತರಗತಿಯವರಿಗೆ ಸಂಖ್ಯಾಪದ್ಧತಿ ಪಾಠ ಶುರು ಮಾಡಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಈ ಸಲ ಕೇಳಿದವಳು ಜಾಸ್ತಿ ಮಾತಾಡದ ಹುಡುಗಿ. "ಮೇಡಂ, ಛೇದದಲ್ಲಿ ರೂಟ್ ಇದ್ದರೆ ಏನು ತೊಂದರೆ? ಬೆಲೆ ಅದೇ ಅಲ್ವಾ?"

ಹೌದು, ಬೆಲೆ ಅದೇ. 1/√2 ಎಂದು ಬರೆದರೂ √2/2 ಎಂದು ಬರೆದರೂ ಸಂಖ್ಯೆ ಒಂದೇ. ಹಾಗಿದ್ದ ಮೇಲೆ "ಛೇದವನ್ನು ಅಕರಣೀಕರಿಸಿ", ಅಂದರೆ ಛೇದದಲ್ಲಿರುವ ಕರಣಿಯನ್ನು (ರೂಟ್ ಇರುವ ಸಂಖ್ಯೆಯನ್ನು) ತೆಗೆಯಿರಿ ಎಂದು ಪುಟಗಟ್ಟಲೆ ಲೆಕ್ಕ ಯಾಕೆ ಮಾಡಿಸುತ್ತಾರೆ? "ರೂಲ್ ಇರುವುದೇ ಹಾಗೆ, ಬರೆದುಕೊಳ್ಳಿ" ಎಂದು ಮುಂದಕ್ಕೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ತಿಪಟೂರಿನ ನಮ್ಮ ಮನೆ ಜಗಲಿಯಲ್ಲಿ ಸಂಜೆ ಹೊತ್ತು ಗಣಿತ ಹೇಳಿಕೊಡುತ್ತೇನೆ. ಹೈಸ್ಕೂಲಿನವರೂ ಬರುತ್ತಾರೆ, ಪಿಯುಸಿಯವರೂ ಬರುತ್ತಾರೆ. ಎರಡೂ ಗುಂಪಿಗೆ ಈ ವಿಷಯದಲ್ಲಿ ನಾನು ಹೇಳುವುದು ಒಂದೇ ಮಾತು. ಅದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಬರೆಯುವಾಗ ಎಕ್ಸ್ ಬದಲು "ಯ" ಎಂದು ಹಾಕುತ್ತೇನೆ. ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಗೆ "ಯಾ" ಎಂದು ಬರೆಯುತ್ತಿದ್ದರು, ಹಾಗಾಗಿ ಇದು ಹೊಸದೇನಲ್ಲ.

ಮೊದಲು ಎಲ್ಲರೂ ಕೊಡುವ ಉತ್ತರ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ 1/√2 ಬೇಕಾದರೆ 1 ಅನ್ನು 1.41421ರಿಂದ ಭಾಗಿಸಬೇಕಿತ್ತು. ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ, ಕೈ ಸೋಲುತ್ತದೆ. ಅದೇ √2/2 ಆದರೆ 1.41421ರ ಅರ್ಧ. 0.707105 ಎಂದು ಬಾಯಲ್ಲೇ ಹೇಳಬಹುದು. ಈ ಉತ್ತರ ಸರಿಯೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮಕ್ಕಳು "ಈಗ ಮೊಬೈಲ್ ಇದೆಯಲ್ಲ" ಎನ್ನುತ್ತಾರೆ, ಅವರ ಮಾತೂ ನ್ಯಾಯವೇ. ನಿಜವಾದ ಕಾರಣ ಇನ್ನೂ ಒಳಗಿದೆ. ಮೊಬೈಲ್ ಬಂದ ಮೇಲೂ ಅದು ಹೋಗಿಲ್ಲ.

ಅದನ್ನು ತೋರಿಸಲು ನಾನು ಬೋರ್ಡಿನ ಮೇಲೆ ಈ ಲೆಕ್ಕ ಹಾಕುತ್ತೇನೆ.

ಯ = 1/(3 − √8) ಆದರೆ, ಯ³ − 5ಯ² − 5ಯ + 8 ಇದರ ಬೆಲೆ ಎಷ್ಟು?

ಮಕ್ಕಳನ್ನು ಎರಡು ಗುಂಪು ಮಾಡುತ್ತೇನೆ. ಇಬ್ಬರಿಗೂ √8 ಅಂದರೆ 2.83 ಎಂದೇ ಕೊಡುತ್ತೇನೆ. ಒಂದು ಗುಂಪು ಇದ್ದದ್ದನ್ನು ಇದ್ದ ಹಾಗೆಯೇ ಲೆಕ್ಕ ಮಾಡಬೇಕು. ಇನ್ನೊಂದು ಗುಂಪು ಅಕರಣೀಕರಿಸಿ ಮಾಡಬೇಕು.

ಮೊದಲ ಗುಂಪಿಗೆ 3 − 2.83 = 0.17 ಬರುತ್ತದೆ. 1/0.17 ಅಂದರೆ 5.88.

ಎರಡನೇ ಗುಂಪು ಮೇಲೆ ಕೆಳಗೆ 3 + √8ರಿಂದ ಗುಣಿಸುತ್ತದೆ. ಛೇದ 9 − 8, ಅಂದರೆ 1. ಹಾಗಾಗಿ ಯ = 3 + √8 = 5.83.

ಇಲ್ಲಿಯವರೆಗೆ ಯಾರಿಗೂ ಏನೂ ಅನ್ನಿಸುವುದಿಲ್ಲ. 5.88 ಮತ್ತು 5.83, ಅಂಥ ದೊಡ್ಡ ಅಂತರವೇನಲ್ಲ. ಈಗ ಬೀಜೋಕ್ತಿಯಲ್ಲಿ ಹಾಕಲು ಹೇಳುತ್ತೇನೆ. ಮೊದಲ ಗುಂಪಿನ ಉತ್ತರ 9.03. ಎರಡನೇ ಗುಂಪಿನದು 7.06. ಈಗ ಜಗಲಿಯಲ್ಲಿ ಗದ್ದಲ ಶುರು. ನಿಮ್ಮದು ತಪ್ಪು, ನಿಮ್ಮದೇ ತಪ್ಪು ಎಂದು ಪುಸ್ತಕ ಹಿಡಿದು ಮತ್ತೆ ಗುಣಿಸುತ್ತಾರೆ. ಯಾರ ಗುಣಾಕಾರದಲ್ಲೂ ತಪ್ಪಿಲ್ಲ.

ಸರಿ ಉತ್ತರ ಎಷ್ಟು? ಅದಕ್ಕೆ ದಶಮಾಂಶವೇ ಬೇಡ. ಯ = 3 + √8 ಆದ್ದರಿಂದ ಯ − 3 = √8. ಎರಡೂ ಕಡೆ ವರ್ಗ ಮಾಡಿ: ಯ² − 6ಯ + 9 = 8. ಅಂದರೆ ಯ² − 6ಯ + 1 = 0. ಈಗ ಕೊಟ್ಟಿರುವ ಬೀಜೋಕ್ತಿಯನ್ನು ಇದರಿಂದ ಭಾಗಿಸಿದರೆ ಭಾಗಲಬ್ಧ ಯ + 1, ಶೇಷ 7. ಹಾಗಾಗಿ

ಯ³ − 5ಯ² − 5ಯ + 8 = (ಯ + 1)(ಯ² − 6ಯ + 1) + 7

ಆವರಣದ ಎರಡನೇ ಭಾಗ ಸೊನ್ನೆ. ಉಳಿದದ್ದು 7. ಒಂದು ಕರಣಿಯೂ ಉಳಿಯದೆ, ಸುಂದರವಾದ ಪೂರ್ಣ ಸಂಖ್ಯೆ 7. ಈ ಜಾಗಕ್ಕೆ ಬಂದಾಗ ಪ್ರತಿ ಸಲವೂ ನನಗೆ ಖುಷಿಯಾಗುತ್ತದೆ. ಯ ಎಂಬ ಅಭಾಗಲಬ್ಧ ಸಂಖ್ಯೆಯನ್ನು ಹೊತ್ತುಕೊಂಡು ಹೋಗುವ ಬದಲು, ಅದು ಪಾಲಿಸುವ ಸಮೀಕರಣವನ್ನು ಹಿಡಿದುಕೊಂಡರೆ ಸಾಕು. ಪರೀಕ್ಷೆಯಲ್ಲಿ ಇಂಥ ಲೆಕ್ಕ ಬಂದರೆ ನೇರವಾಗಿ ಘನ ಮಾಡಲು ಹೋಗಬೇಡಿ. ಮೊದಲು ಛೇದ ಸರಿ ಮಾಡಿ, ಕರಣಿಯನ್ನು ಒಂದೇ ಕಡೆಗೆ ತಂದು, ವರ್ಗ ಮಾಡಿ.

ಈಗ ಹಿಂದಕ್ಕೆ ಬರೋಣ. ಇಬ್ಬರೂ ಬಳಸಿದ್ದು ಅದೇ 2.83. ಒಬ್ಬರಿಗೆ 7ರ ಪಕ್ಕದ 7.06, ಇನ್ನೊಬ್ಬರಿಗೆ 9ರ ಮೇಲೆ. ಯಾಕೆ?

√8ರ ಬೆಲೆ 2.828427... ನಾವು 2.83 ಎಂದು ತೆಗೆದುಕೊಂಡಾಗ ಸುಮಾರು 0.0016ರಷ್ಟು ವ್ಯತ್ಯಾಸ ಆಯಿತು. 5.83ರಂಥ ಸಂಖ್ಯೆಯಲ್ಲಿ ಇದು ಲೆಕ್ಕಕ್ಕೇ ಇಲ್ಲ, ಶೇಕಡಾ 0.03ರಷ್ಟು. ಆದರೆ 3ರಿಂದ 2.83 ಕಳೆದಾಗ ದೊಡ್ಡ ಭಾಗವೆಲ್ಲ ಹೊಡೆದುಹೋಗಿ 0.17 ಮಾತ್ರ ಉಳಿಯಿತು. ವ್ಯತ್ಯಾಸ ಮಾತ್ರ ಇದ್ದಷ್ಟೇ ಇದೆ. 0.17ರ ಮುಂದೆ ಅದೇ 0.0016 ಸುಮಾರು ಶೇಕಡಾ 1. ಮೂವತ್ತು ಪಟ್ಟಿಗೂ ಜಾಸ್ತಿ. ಆಮೇಲೆ ಭಾಗಿಸಿ, ಘನ ಮಾಡಿ, ಕಳೆದು, ಅದನ್ನು ಇನ್ನೂ ಊದಿಸಿದೆವು.

ನಮ್ಮೂರಿನ ಮಕ್ಕಳಿಗೆ ಹೀಗೆ ಹೇಳುತ್ತೇನೆ: ಕೊಬ್ಬರಿ ತುಂಬಿದ ಲಾರಿಯನ್ನು ವೇಬ್ರಿಡ್ಜಿನ ಮೇಲೆ ತೂಗಿ, ಒಂದು ಗಿಟುಕು ಕೆಳಗಿಳಿಸಿ ಮತ್ತೆ ತೂಗಿ, ಎರಡರ ವ್ಯತ್ಯಾಸವೇ ಆ ಗಿಟುಕಿನ ತೂಕ ಎಂದ ಹಾಗಾಯಿತು ಇದು. ವೇಬ್ರಿಡ್ಜ್ ಕೆಟ್ಟಿಲ್ಲ. ಕೇಳಿದ ರೀತಿ ಸರಿಯಿಲ್ಲ.

ಹಾಗಾದರೆ ತೊಂದರೆ ಇರುವುದು ಛೇದದಲ್ಲಿರುವ ಕರಣಿಯಿಂದ ಅಲ್ಲ. ಹತ್ತಿರ ಹತ್ತಿರ ಇರುವ ಎರಡು ಸಂಖ್ಯೆಗಳ ನಡುವಿನ ಕಳೆಯುವ ಚಿಹ್ನೆಯಿಂದ. ಸಂಯುಗ್ಮದಿಂದ, ಅಂದರೆ ನಡುವಿನ ಚಿಹ್ನೆ ಮಾತ್ರ ತಿರುಗಿಸಿದ ಜೋಡಿಯಿಂದ (3 − √8ಕ್ಕೆ 3 + √8), ಗುಣಿಸಿದಾಗ ಆ ಚಿಹ್ನೆ ಕೂಡುವ ಚಿಹ್ನೆಯಾಗುತ್ತದೆ, ಕಳೆಯುವ ಕೆಲಸವನ್ನು (ಅ − ಬ)(ಅ + ಬ) = ಅ² − ಬ² ಎಂಬ ನಿತ್ಯಸಮೀಕರಣ ನಮ್ಮ ಪರವಾಗಿ ಮಾಡಿಬಿಡುತ್ತದೆ. ಅದು 9 − 8 ಎಂದು ಪೂರ್ಣ ಸಂಖ್ಯೆಗಳಲ್ಲಿ ಕಳೆಯುವುದರಿಂದ ಒಂದು ಚೂರೂ ಪೋಲಾಗುವುದಿಲ್ಲ. ಇಡೀ ಅಧ್ಯಾಯದಲ್ಲಿ ನಾನು ಮಕ್ಕಳ ತಲೆಗೆ ಹಾಕಲು ಒದ್ದಾಡುವುದು ಇದೊಂದನ್ನೇ. ಕಳೆಯುವ ಚಿಹ್ನೆ ಎಲ್ಲಿದೆ? ಛೇದದಲ್ಲಿದ್ದರೆ ಛೇದ ಸರಿ ಮಾಡಿ. ಅಂಶದಲ್ಲಿದ್ದರೆ ಅಂಶ ಸರಿ ಮಾಡಿ. ಎಲ್ಲೂ ಇಲ್ಲದಿದ್ದರೆ, ಬೆಲೆ ಕಂಡುಹಿಡಿಯುವುದಷ್ಟೇ ಕೆಲಸವಾಗಿದ್ದರೆ, ಸುಮ್ನೆ ಕೈ ಹಾಕಬೇಡಿ.

ಕೊನೆಯ ಮಾತಿಗೆ ಕೆಲವರು ಒಪ್ಪುವುದಿಲ್ಲ, ಹಾಗಾಗಿ ಉದಾಹರಣೆ ಕೊಡುತ್ತೇನೆ. ಫ(ಯ) = 1/(√ಯ + 2). ಯ = 4 ಹಾಕಿ. 1/4 ಬಂತು, ಮುಗಿಯಿತು. ಈಗ ರೂಲಿನ ಪ್ರಕಾರ ಛೇದದ ಕರಣಿ ತೆಗೆಯಿರಿ. (√ಯ − 2)/(ಯ − 4) ಆಗುತ್ತದೆ. ಮತ್ತೆ ಯ = 4 ಹಾಕಿ. 0/0! ಚೆನ್ನಾಗಿದ್ದ ಫಂಕ್ಷನ್ನಿಗೆ ನಾವೇ ತೂತು ಕೊರೆದೆವು. ಯ = 4 ಬಿಟ್ಟು ಸ್ವಲ್ಪ ಪಕ್ಕಕ್ಕೆ ಹೋದರೂ ಗಂಡಾಂತರ ತಪ್ಪುವುದಿಲ್ಲ. ಯ = 4.001 ಎನ್ನಿ. ನಾಲ್ಕು ದಶಮಾಂಶದವರೆಗೆ √4.001 ಅಂದರೆ 2.0002. ಹೊಸ ರೂಪದಲ್ಲಿ 0.0002/0.001, ಅಂದರೆ 0.2. ಹಳೆಯ ರೂಪದಲ್ಲಿ 1/4.0002, ಅಂದರೆ 0.25ಕ್ಕೆ ಅಂಟಿಕೊಂಡ ಸಂಖ್ಯೆ. ಸರಿಯಾದದ್ದು 0.25ರ ಪಕ್ಕದ್ದೇ. ಸಂಯುಗ್ಮದಿಂದ ಗುಣಿಸುವ ಮೊದಲು ಆ ಸಂಯುಗ್ಮ ಎಲ್ಲಾದರೂ ಸೊನ್ನೆಯಾಗುತ್ತದಾ ಎಂದು ನೋಡಬೇಕು. ಇಲ್ಲಿ √ಯ − 2 ಎಂಬುದು ಯ = 4ರಲ್ಲಿ ಸೊನ್ನೆ. ಸೊನ್ನೆಯಿಂದ ಮೇಲೆ ಕೆಳಗೆ ಗುಣಿಸಲು ಯಾರೂ ಒಪ್ಪಿಗೆ ಕೊಟ್ಟಿಲ್ಲ.

ಪ್ರಥಮ ಪಿಯುಸಿಗೆ ಬಂದಾಗ ಚಿತ್ರ ತಿರುಗುತ್ತದೆ. ಅಲ್ಲಿ ಲಿಮಿಟ್ ಪಾಠದಲ್ಲಿ ಇಂಥದ್ದು ಬರುತ್ತದೆ:

(√(ಯ + 3) − 2)/(ಯ − 1), ಯ ಎಂಬುದು 1ರ ಹತ್ತಿರ ಹೋದಾಗ

ಛೇದದಲ್ಲಿ ಕರಣಿಯೇ ಇಲ್ಲ. ಹೈಸ್ಕೂಲಿನಲ್ಲಿ "ಛೇದ, ಛೇದ" ಎಂದು ಉರು ಹೊಡೆದವರು ಇಲ್ಲಿ ಪೆನ್ನು ಕಚ್ಚುತ್ತಾ ಕೂರುತ್ತಾರೆ. ಕಳೆಯುವ ಚಿಹ್ನೆ ಹುಡುಕಲು ಕಲಿತವರಿಗೆ ಯೋಚನೆಯೇ ಇಲ್ಲ. ಅದು ಅಂಶದಲ್ಲಿದೆ, √(ಯ + 3) + 2ರಿಂದ ಗುಣಿಸಿ. ಅಂಶ (ಯ + 3) − 4, ಅಂದರೆ ಯ − 1. ಕೆಳಗಿನ ಯ − 1 ಜೊತೆ ಹೊಡೆದುಹೋಗಿ 1/(√(ಯ + 3) + 2) ಉಳಿಯುತ್ತದೆ. ಲಿಮಿಟ್ 1/4. √ಯ ಇದರ ಡೆರಿವೇಟಿವ್ 1/(2√ಯ) ಎಂದು ಮೂಲ ವ್ಯಾಖ್ಯೆಯಿಂದ ತೋರಿಸುವುದೂ ಇದೇ ಉಪಾಯದಿಂದಲೇ.

ಮೊಬೈಲ್ ಇದೆಯಲ್ಲ ಎಂದವರಿಗೆ ಉತ್ತರ ಕೊಡುವುದು ಬಾಕಿ ಇದೆ. ಯ = 1 ಕೋಟಿ ಎಂದಿಟ್ಟುಕೊಳ್ಳಿ. √(ಯ + 1) − √ಯ ಎಷ್ಟು? ಎಂಟು ಅಂಕಿಗೆ ಕತ್ತರಿಸುವ ಯಂತ್ರದಲ್ಲಿ ಮೊದಲನೆಯದು 3162.2778, ಎರಡನೆಯದು 3162.2776. ವ್ಯತ್ಯಾಸ 0.0002. ಎಂಟಂಕಿಯ ಎರಡು ಸಂಖ್ಯೆಗಳಿಂದ ಹೊರಟು ಕೈಗೆ ಬಂದದ್ದು ಒಂದೇ ಅಂಕಿ, ಅದೂ ಸರಿಯಿಲ್ಲ. ಅದನ್ನೇ 1/(√(ಯ + 1) + √ಯ) ಎಂದು ಬರೆದರೆ 1/6324.5554, ಅಂದರೆ 0.0001581. ಇದು ಸರಿ. ಅದೇ ಯಂತ್ರ, ಅವೇ ಎರಡು ವರ್ಗಮೂಲ.

ದೊಡ್ಡ ಕಂಪ್ಯೂಟರಿಗೂ ಇದರಿಂದ ಬಿಡುಗಡೆ ಇಲ್ಲ. ಸಾಮಾನ್ಯವಾಗಿ ಪ್ರೋಗ್ರಾಮ್‌ಗಳಲ್ಲಿ ಬಳಸುವ 64 ಬಿಟ್‌ನ ದಶಮಾಂಶ ಸಂಖ್ಯೆಗಳು ಸುಮಾರು 16 ಅಂಕಿಯಷ್ಟೇ ಹಿಡಿಯುತ್ತವೆ. 1ರ ಮುಂದೆ 16 ಸೊನ್ನೆ ಇರುವ ಸಂಖ್ಯೆಗೆ 1 ಕೂಡಿಸಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಮೊದಲಿದ್ದ ಸಂಖ್ಯೆಯನ್ನೇ ಹಿಂದಕ್ಕೆ ಕೊಡುತ್ತದೆ. ಹಾಗಾಗಿ ಅಲ್ಲಿ √(ಯ + 1) − √ಯ ಕೇಳಿದರೆ ಸೊನ್ನೆ ಎನ್ನುತ್ತದೆ. ಸಂಯುಗ್ಮದ ರೂಪದಲ್ಲಿ ಕೇಳಿದರೆ 0.000000005 ಎಂದು ಸರಿಯಾಗಿ ಹೇಳುತ್ತದೆ. ಕೋಡಿಂಗ್ ಕಲಿಯುತ್ತಿರುವ ಮಕ್ಕಳು ಮನೆಯಲ್ಲಿ ಇದ್ದರೆ ಇವತ್ತೇ ಎರಡು ಸಾಲು ಬರೆಸಿ ನೋಡಿ. ಒಂಬತ್ತನೇ ತರಗತಿಯ ಲೆಕ್ಕ ಯಾಕೆ ಎಂದು ಆಮೇಲೆ ಅವರು ಕೇಳುವುದಿಲ್ಲ.

ಬೆಲೆ ಹಾಕುವ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಇದರಲ್ಲಿ ಅಂಕ ಕಳೆದುಕೊಳ್ಳುವವರು ಜಾಸ್ತಿ.

ಫ(ಯ) = √(ಯ − 5)/√(ಯ − 1) ಎಂದು ಕೊಟ್ಟಿದ್ದಾರೆ. ಛೇದ ಅಕರಣೀಕರಿಸಿ, ಎರಡು ಕರಣಿಗಳನ್ನು ಒಂದೇ ಚಿಹ್ನೆಯ ಕೆಳಗೆ ತಂದರೆ √((ಯ − 5)(ಯ − 1))/(ಯ − 1). ನೋಡಲು ಅಚ್ಚುಕಟ್ಟು. ಈಗ ಯ = 0 ಹಾಕಿ. ಒಳಗೆ −5 ಮತ್ತು −1 ಗುಣಿಸಿ 5 ಆಗುತ್ತದೆ. ಉತ್ತರ −√5. ಆದರೆ ಮೊದಲ ರೂಪದಲ್ಲಿ ಯ = 0 ಹಾಕಿದರೆ √−5 ಮತ್ತು √−1, ವಾಸ್ತವ ಸಂಖ್ಯೆಗಳಲ್ಲಿ ಇಲ್ಲವೇ ಇಲ್ಲ. ಇಲ್ಲದ ಬೆಲೆಯೊಂದು ರೂಪ ಬದಲಿಸಿದಾಗ ಹುಟ್ಟಿಕೊಂಡಿತು. ಅದಕ್ಕೇ ಯ ಎಲ್ಲೆಲ್ಲಿ ಇರಬಹುದು ಎಂಬುದನ್ನು ಮೊದಲ ರೂಪ ನೋಡಿಯೇ ಬರೆದಿಟ್ಟುಕೊಳ್ಳಬೇಕು. ಇಲ್ಲಿ ಯ ≥ 5. ಇದನ್ನು ಪಕ್ಕದಲ್ಲಿ ಬರೆದು, ಚೌಕ ಹಾಕಿ, ಆಮೇಲೆ ಗುಣಿಸಲು ಶುರು ಮಾಡಿ.

ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂಬುದನ್ನು ಸ್ಪಷ್ಟವಾಗಿ ಬರೆದಿಟ್ಟವರು ನಮ್ಮ ನಾಡಿನ ಮಹಾವೀರಾಚಾರ್ಯರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲ, ಒಂಬತ್ತನೇ ಶತಮಾನ. ಗಣಿತಸಾರಸಂಗ್ರಹದ ಆರಂಭದಲ್ಲೇ ಆ ದೊರೆಯ ಹೊಗಳಿಕೆ ಇದೆ. ಧನವಾಗಲಿ ಋಣವಾಗಲಿ ವರ್ಗ ಮಾಡಿದರೆ ಧನವೇ, ಹಾಗಾಗಿ ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಅದಕ್ಕೆ ಮೂಲವಿಲ್ಲ ಎಂಬುದು ಅವರ ವಾದ. ಸಂಕೀರ್ಣ ಸಂಖ್ಯೆಗಳು ಬಂದದ್ದು ಎಷ್ಟೋ ಶತಮಾನಗಳ ನಂತರ. ನಮ್ಮ ಹತ್ತನೇ ತರಗತಿಯವರೆಗಿನ ಲೆಕ್ಕಗಳೆಲ್ಲ ಇವತ್ತಿಗೂ ಮಹಾವೀರಾಚಾರ್ಯರ ಈ ಮಾತಿನ ಒಳಗೇ ಇವೆ.

ಇದರ ಜೊತೆಗೇ ಬರುವ ಇನ್ನೊಂದು ಮಾತು. √(ಯ²) ಅಂದರೆ ಯ ಅಲ್ಲ, ಯ ಇದರ ಧನ ಬೆಲೆ. √(ಯ² − 6ಯ + 9) + ಯ ಎಂಬಲ್ಲಿ ಯ = 1 ಹಾಕಿದರೆ √4 + 1 = 3. ಒಳಗಿರುವುದು (ಯ − 3)² ಅಲ್ವಾ ಎಂದು ಅವಸರದಲ್ಲಿ ಮೂಲ ತೆಗೆದು 2ಯ − 3 ಎಂದು ಬರೆದರೆ −1 ಬರುತ್ತದೆ. ಅನುಮಾನ ಬಂದಾಗ ಮೊದಲ ರೂಪದಲ್ಲೇ ಒಂದು ಸಂಖ್ಯೆ ಹಾಕಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ.

ಈ ಸಂಯುಗ್ಮದ ಉಪಾಯ ಎಷ್ಟು ಹಳೆಯದು ಎಂದು ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು. 628ರಲ್ಲಿ ಬ್ರಹ್ಮಗುಪ್ತರು ಇದನ್ನು ಹೇಳಿದ್ದಾರೆ. 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯರು ಅದರ ಬೀಜಗಣಿತ ಭಾಗದಲ್ಲಿ ಕರಣಿಗಳ ಭಾಗಾಕಾರಕ್ಕೆ ಇದೇ ದಾರಿ ತೋರಿಸುತ್ತಾರೆ. ಭಾಜಕದಲ್ಲಿರುವ ಯಾವುದಾದರೂ ಒಂದು ಕರಣಿಯ ಚಿಹ್ನೆ ತಿರುಗಿಸಿ, ಹಾಗೆ ಬಂದದ್ದರಿಂದ ಭಾಜ್ಯ ಭಾಜಕ ಎರಡನ್ನೂ ಗುಣಿಸಿ, ಭಾಜಕದಲ್ಲಿ ಒಂದೇ ಪದ ಉಳಿಯುವವರೆಗೆ ಹೀಗೇ ಮಾಡುತ್ತಾ ಹೋಗಿ. ಅವರ ಒಂದು ಲೆಕ್ಕದಲ್ಲಿ √9 + √450 + √75 + √54 ಎಂಬುದನ್ನು √18 + √3ರಿಂದ ಭಾಗಿಸಬೇಕು. ಚಿಹ್ನೆ ತಿರುಗಿಸಿ √18 − √3ರಿಂದ ಗುಣಿಸಿದರೆ ಭಾಜಕ 18 − 3, ಅಂದರೆ 15. ಉತ್ತರ 5 + √3. ಇವತ್ತು ನಮ್ಮ ಬೋರ್ಡಿನ ಮೇಲೆ ಮಾಡುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಮಕ್ಕಳಿಗೆ ಇದನ್ನು ಹೇಳದೆ ಅಧ್ಯಾಯ ಮುಗಿಸುವುದು ನ್ಯಾಯವಲ್ಲ ಎಂದು ನನಗೆ ಅನ್ನಿಸುತ್ತದೆ.

"ಒಂದೇ ಪದ ಉಳಿಯುವವರೆಗೆ" ಎಂಬ ಮಾತಿಗೆ ಮೂರು ಪದಗಳ ಛೇದ ಒಳ್ಳೆಯ ಉದಾಹರಣೆ. 1/(1 + √2 + √3) ತೆಗೆದುಕೊಳ್ಳಿ. √3 ಒಂದರ ಚಿಹ್ನೆ ತಿರುಗಿಸಿ: 1 + √2 − √3. ಛೇದ (1 + √2)² − 3. ಬಿಡಿಸಿದರೆ 3 + 2√2 − 3. ಮೂರು ಮೂರು ಹೋಯಿತು, 2√2 ಉಳಿಯಿತು. ಇನ್ನೊಮ್ಮೆ √2ರಿಂದ ಗುಣಿಸಿದರೆ (2 + √2 − √6)/4. ಇದರ ಬೆಲೆ 0.2412ರಷ್ಟು. ಇಲ್ಲಿ ಯಾವುದರ ಚಿಹ್ನೆ ತಿರುಗಿಸಬೇಕು ಎಂದು ಆಯ್ಕೆ ಮಾಡುವುದರಲ್ಲೇ ಜಾಣತನ. 1 + 2 = 3 ಆಗುವುದರಿಂದ √3 ಆರಿಸಿಕೊಂಡೆ. ಬೇರೆಯದನ್ನು ತಿರುಗಿಸಿದರೂ ಉತ್ತರ ಸಿಗುತ್ತದೆ, ಸುತ್ತು ಜಾಸ್ತಿ.

ಕೊನೆಗೆ ನನಗೆ ಅತಿ ಇಷ್ಟವಾದ ಲೆಕ್ಕ.

1/(√1 + √2) + 1/(√2 + √3) + 1/(√3 + √4) + ... + 1/(√99 + √100)

ಇಲ್ಲಿ ಛೇದದಲ್ಲಿರುವುದೆಲ್ಲ ಕೂಡುವ ಚಿಹ್ನೆ. ಒಂದೊಂದೇ ಪದದ ಬೆಲೆ ಬೇಕಿದ್ದರೆ ಹಾಗೇ ಬಿಡುವುದು ಒಳ್ಳೆಯದು, ಮೇಲೆ ಹೇಳಿದ ಕಾರಣಕ್ಕೇ. ಆದರೆ ಕೇಳಿರುವುದು ಎಲ್ಲದರ ಮೊತ್ತ. ಈಗ ಛೇದ ಅಕರಣೀಕರಿಸಿ ನೋಡಿ. ಪ್ರತಿ ಛೇದವೂ 1 ಆಗುತ್ತದೆ, ಯಾಕೆಂದರೆ 2 − 1 = 1, 3 − 2 = 1. ಮೊದಲ ಪದ √2 − √1. ಎರಡನೆಯದು √3 − √2. ಮೂರನೆಯದು √4 − √3. ಹಿಂದಿನ ಪದದ √2 ಮುಂದಿನ ಪದದ −√2 ಜೊತೆ ಹೋಯಿತು, √3 ಜೊತೆ −√3 ಹೋಯಿತು. ಮಕ್ಕಳು ಸೀಮೆಸುಣ್ಣ ಕಸಿದುಕೊಂಡು ತಾವೇ ಹೊಡೆದು ಹಾಕುತ್ತಾ ಹೋಗುತ್ತಾರೆ. ಇಲ್ಲಿ ಕಳೆಯುವ ಚಿಹ್ನೆಯಿಂದ ಹೆದರಿಕೆ ಇಲ್ಲ. ದಶಮಾಂಶಕ್ಕೆ ಇಳಿಯುವ ಮೊದಲೇ ಕರಣಿಗಳು ಪೂರ್ತಿಯಾಗಿ ಹೊಡೆದುಹೋಗುತ್ತವೆ. ಕೊನೆಗೆ ಉಳಿಯುವುದು √100 − √1, ಅಂದರೆ 9. ಇದನ್ನೇ √10000ದವರೆಗೆ ಎಳೆದರೆ 99.